ಹೊಸ ಮ್ಯೂಸಿಕ್ ಪ್ಲೇಯರ್ ಕೈಗೆ ಬಂತು, ಮುಂದೇನು?

"ಹಾಡು ಹಾಕಿದ್ದೇನೆ, ಪ್ಲೇಯರ್‌ನಲ್ಲಿ ಕಾಣ್ತಾನೇ ಇಲ್ಲ." "ಒಂದೇ ಆಲ್ಬಮ್ ಹತ್ತು ಚೂರಾಗಿ ತೋರಿಸ್ತಿದೆ." "ಕಾರ್ಡ್‌ನಲ್ಲಿ ಜಾಗ ಇದೆ, ಆದರೂ ಅರ್ಧ ಹಾಡುಗಳು ಓಡಲ್ಲ." ಹೊಸದಾಗಿ ಪೋರ್ಟಬಲ್ ಮ್ಯೂಸಿಕ್ ಪ್ಲೇಯರ್ ತೆಗೆದುಕೊಂಡವರು ಮತ್ತೆ ಮತ್ತೆ ಕೇಳುವುದು ಇವನ್ನೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಈ ತೊಂದರೆಗಳಲ್ಲಿ ಹೆಚ್ಚಿನವು ಪ್ಲೇಯರ್‌ನ ತಪ್ಪಲ್ಲ. ಹಾಡು ಪ್ಲೇಯರ್ ಸೇರುವ ಮುಂಚೆಯೇ, ಕಂಪ್ಯೂಟರ್‌ನಲ್ಲೇ ಎಡವಟ್ಟು ಆಗಿರುತ್ತದೆ. ಫೋನಿನಲ್ಲಿ ಹೆಸರು ಟೈಪ್ ಮಾಡಿದರೆ ಹಾಡು ಎಲ್ಲಿಂದಲೋ ಬರುತ್ತದೆ. ಪ್ಲೇಯರ್ ಹಾಗಲ್ಲ. ನೀವು ಏನು ಕೊಟ್ಟಿರೋ ಅದಷ್ಟೇ ಅದರ ಹತ್ತಿರ ಇರುತ್ತದೆ, ನೀವು ಹೇಗೆ ಜೋಡಿಸಿ ಕೊಟ್ಟಿರೋ ಹಾಗೇ ತೋರಿಸುತ್ತದೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಹಾಡುಗಳನ್ನು ಸಿದ್ಧ ಮಾಡುವುದರ ಬಗ್ಗೆಯೇ ಇದೆ. ಪ್ಲೇಯರ್‌ನ ಬಟನ್ ಒತ್ತುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ.

ಪ್ಲೇಯರ್‌ಗಳಲ್ಲಿ ಎರಡು ಬಗೆ. ಒಂದು, ಹಾಡು ಕೇಳಿಸುವುದಕ್ಕೆಂದೇ ಮಾಡಿದ, ತನ್ನದೇ ಸಣ್ಣ ಸಾಫ್ಟ್‌ವೇರ್ ಇರುವ ಪ್ಲೇಯರ್. ಇನ್ನೊಂದು, ಒಳಗೆ ಆಂಡ್ರಾಯ್ಡ್ ಇರುವ, ಸಿಮ್ ಇಲ್ಲದ ಫೋನಿನಂಥದ್ದು. ನಾನು ಬರೆಯುತ್ತಿರುವುದು ಮೊದಲನೆಯದರ ಬಗ್ಗೆ. ಎರಡನೆಯದಕ್ಕೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಏನೇನು ಬೇಕು

ಪ್ಲೇಯರ್, ಅದರ ಜೊತೆ ಬಂದ ಕೇಬಲ್, ಒಂದು ಕಂಪ್ಯೂಟರ್, ತಂತಿ ಇರುವ ಇಯರ್‌ಫೋನ್. ಪ್ಲೇಯರ್‌ನಲ್ಲಿ ಕಾರ್ಡ್ ಹಾಕುವ ಜಾಗ ಇದ್ದರೆ ಮೈಕ್ರೋ ಎಸ್‌ಡಿ ಕಾರ್ಡ್ ಮತ್ತು ಅದನ್ನು ಕಂಪ್ಯೂಟರ್‌ಗೆ ಚುಚ್ಚಲು ಒಂದು ಕಾರ್ಡ್ ರೀಡರ್. ಇವುಗಳ ಜೊತೆಗೆ ಒಂದು ಬಿಡುವಿನ ಮಧ್ಯಾಹ್ನ. ಕೊನೆಯದ್ದನ್ನು ಸುಮ್ನೆ ಹೇಳುತ್ತಿಲ್ಲ. ಅವಸರದಲ್ಲಿ ಐದು ಸಾವಿರ ಹಾಡು ಒಮ್ಮೆಲೇ ಸುರಿದವರೇ ಆಮೇಲೆ ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡುತ್ತಾರೆ.

1. ಮೊದಲು ಚಾರ್ಜ್ ಮಾಡಿ

ಪೂರ್ತಿ ಚಾರ್ಜ್ ಆಗಲಿ, ಆಮೇಲೆ ಉಳಿದದ್ದು. ಇಲ್ಲಿ ಒಂದು ವಿಚಿತ್ರ ತೊಡಕಿದೆ. ಕೆಲವು ಅಗ್ಗದ ಪ್ಲೇಯರ್‌ಗಳಲ್ಲಿ ಟೈಪ್ ಸಿ ಕಿಂಡಿ ಇರುತ್ತದೆ, ಆದರೆ ಎರಡೂ ತುದಿ ಟೈಪ್ ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ. ಅಂಥ ಕೇಬಲ್‌ನಲ್ಲಿ ವಿದ್ಯುತ್ ಬರಬೇಕಾದರೆ "ನನಗೆ ಕರೆಂಟ್ ಬೇಕು" ಎಂದು ಪ್ಲೇಯರ್ ಚಾರ್ಜರ್‌ಗೆ ತಿಳಿಸಬೇಕು. ಅದಕ್ಕೆ ಬೇಕಾದ ಎರಡು ಸಣ್ಣ ರೆಸಿಸ್ಟರ್‌ಗಳನ್ನು ಕೆಲವು ತಯಾರಕರು ಹಾಕಿರುವುದಿಲ್ಲ. ಹಾಗಾಗಿ ಪ್ಲೇಯರ್ ಸತ್ತಿದೆ ಎಂದು ವಾಪಸ್ ಕಳಿಸುವ ಮುಂಚೆ, ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್‌ನಲ್ಲಿ ಒಮ್ಮೆ ಚಾರ್ಜ್ ಮಾಡಿ ನೋಡಿ.

ಇನ್ನೊಂದು ವಿಷಯ. ಕೆಲವು ಕೇಬಲ್‌ಗಳು ಚಾರ್ಜಿಗೆ ಮಾತ್ರ. ಅವುಗಳ ಒಳಗೆ ಡೇಟಾ ಸಾಗಿಸುವ ತಂತಿಯೇ ಇರುವುದಿಲ್ಲ. ಪ್ಲೇಯರ್ ಚಾರ್ಜ್ ಆಗುತ್ತಿದೆ, ಕಂಪ್ಯೂಟರ್‌ನಲ್ಲಿ ಮಾತ್ರ ಕಾಣಿಸುತ್ತಿಲ್ಲ ಅಂದರೆ ಮೊದಲು ಅನುಮಾನಪಡಬೇಕಾದದ್ದು ಕೇಬಲನ್ನೇ.

2. ಮೆಮೊರಿ ಕಾರ್ಡ್ ಪರೀಕ್ಷಿಸಿ, ಫಾರ್ಮ್ಯಾಟ್ ಮಾಡಿ

1998ರಲ್ಲಿ ಬಂದ ಮೊದಮೊದಲ ಎಂಪಿ3 ಪ್ಲೇಯರ್‌ಗಳಲ್ಲಿ 32 ಎಂಬಿ ಜಾಗ ಇತ್ತು. ಮಾಮೂಲಿ ಗುಣಮಟ್ಟದಲ್ಲಿ ಅರ್ಧ ಗಂಟೆ ಹಾಡು, ಅಷ್ಟೇ. ಇವತ್ತು ಉಗುರಿನಷ್ಟು ಕಾರ್ಡ್‌ನಲ್ಲಿ ಅದರ ಸಾವಿರಾರು ಪಟ್ಟು ಹಿಡಿಯುತ್ತದೆ. ಆದರೆ ದೊಡ್ಡ ಕಾರ್ಡ್ ಕೊಳ್ಳುವ ಮುನ್ನ ನಿಮ್ಮ ಪ್ಲೇಯರ್ ಎಷ್ಟರವರೆಗೆ ಓದುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿ. 32 ಜಿಬಿವರೆಗಿನ ಕಾರ್ಡ್‌ಗಳನ್ನು ಎಸ್‌ಡಿಎಚ್‌ಸಿ ಅನ್ನುತ್ತಾರೆ, ಅದಕ್ಕಿಂತ ದೊಡ್ಡದನ್ನು, 2 ಟಿಬಿವರೆಗೆ, ಎಸ್‌ಡಿಎಕ್ಸ್‌ಸಿ ಅನ್ನುತ್ತಾರೆ. ಹಳೆಯ ಪ್ಲೇಯರ್ ಮೊದಲನೆಯದನ್ನು ಮಾತ್ರ ಓದಬಹುದು.

128 ಜಿಬಿ ಕಾರ್ಡ್ ಹಾಕಿದಾಗ ವಿಂಡೋಸ್ 119 ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ಯಾರೂ ಮೋಸ ಮಾಡಿಲ್ಲ.

ಮೋಸ ಆಗುವುದು ಬೇರೆ ಕಡೆ. ಒಳಗೆ 8 ಜಿಬಿ ಜಾಗ ಇಟ್ಟು, ಹೊರಗೆ 128 ಎಂದು ತೋರಿಸುವ ನಕಲಿ ಕಾರ್ಡ್‌ಗಳಿವೆ. ಹಾಡು ಹಾಕುವಾಗ ಎಲ್ಲಾ ಸರಿಯಾಗಿ ಹೋದಂತೆ ಕಾಣುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ್ದೆಲ್ಲಾ ಹಾಳು. "ಅರ್ಧ ಹಾಡು ಓಡಲ್ಲ" ಎಂಬ ದೂರಿನ ಹಿಂದೆ ಇರುವ ಒಂದು ದೊಡ್ಡ ಕಾರಣ ಇದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ಸಾಧನಗಳಿವೆ. ಇವು ಕಾರ್ಡ್ ತುಂಬ ಬರೆದು, ಬರೆದದ್ದನ್ನು ಮತ್ತೆ ಓದಿ, ಎರಡೂ ಒಂದೇನಾ ಎಂದು ನೋಡುತ್ತವೆ. ದೊಡ್ಡ ಕಾರ್ಡ್ ಆದರೆ ಕೆಲವು ಗಂಟೆ ಹಿಡಿಯುತ್ತದೆ. ಹಿಡಿಯಲಿ. ಹೊಸ ಕಾರ್ಡ್ ಬಂದ ದಿನವೇ, ಇನ್ನೂ ವಾಪಸ್ ಮಾಡಲು ಸಮಯ ಇರುವಾಗಲೇ ಇದನ್ನು ಮಾಡಿ.

ಆಮೇಲೆ ಫಾರ್ಮ್ಯಾಟ್. ಫಾರ್ಮ್ಯಾಟ್ ಅಂದರೆ ಕಾರ್ಡನ್ನು ಖಾಲಿ ಮಾಡಿ, ಫೈಲುಗಳನ್ನು ಯಾವ ರೀತಿ ಇಡಬೇಕೆಂದು ಗೆರೆ ಹಾಕಿಕೊಡುವುದು. ಈ ಗೆರೆ ಹಾಕುವ ವಿಧಾನಗಳಲ್ಲಿ ನಮಗೆ ಬೇಕಾದವು ಎರಡು: ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್. ಫ್ಯಾಟ್32 ಹೆಚ್ಚುಕಡಿಮೆ ಎಲ್ಲಾ ಪ್ಲೇಯರ್‌ಗೂ ಗೊತ್ತು, ಆದರೆ ಒಂದು ಫೈಲ್ 4 ಜಿಬಿಗಿಂತ ದೊಡ್ಡದಿರಬಾರದು. ಹಾಡಿಗೆ ಇದು ಅಡ್ಡಿಯೇ ಅಲ್ಲ. ಎಕ್ಸ್‌ಫ್ಯಾಟ್ ದೊಡ್ಡ ಕಾರ್ಡ್‌ಗಳ ಜೊತೆ ಬರುತ್ತದೆ, ಆದರೆ ಎಲ್ಲಾ ಪ್ಲೇಯರ್‌ಗೂ ಅದು ಅರ್ಥ ಆಗುವುದಿಲ್ಲ. ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲೇ ಫಾರ್ಮ್ಯಾಟ್ ಆಯ್ಕೆ ಇದ್ದರೆ ಅದನ್ನೇ ಬಳಸಿ, ತನಗೆ ಬೇಕಾದ ಹಾಗೆ ಅದೇ ಮಾಡಿಕೊಳ್ಳುತ್ತದೆ. ಎನ್‌ಟಿಎಫ್‌ಎಸ್ ಎಂಬ ಮೂರನೆಯ ಆಯ್ಕೆ ಕಂಪ್ಯೂಟರ್‌ನಲ್ಲಿ ಕಾಣಿಸಬಹುದು, ಅದರ ತಂಟೆಗೆ ಹೋಗಬೇಡಿ.

ಎಚ್ಚರ: ಫಾರ್ಮ್ಯಾಟ್ ಮಾಡಿದರೆ ಕಾರ್ಡ್‌ನಲ್ಲಿದ್ದದ್ದೆಲ್ಲಾ ಹೋಗುತ್ತದೆ. ಕ್ಯಾಮೆರಾದಿಂದಲೋ ಹಳೆಯ ಫೋನಿನಿಂದಲೋ ತೆಗೆದ ಕಾರ್ಡ್ ಆಗಿದ್ದರೆ ಫೋಟೋಗಳನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ.

3. ಹಾಡು ಎಲ್ಲಿಂದ ತರುವುದು

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ "ಡೌನ್‌ಲೋಡ್" ಒತ್ತಿ ಇಟ್ಟುಕೊಂಡ ಹಾಡನ್ನು ಪ್ಲೇಯರ್‌ಗೆ ಹಾಕಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಅದು ಬೀಗ ಹಾಕಿದ ಫೈಲ್. ಆ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ, ಚಂದಾ ನಿಂತರೆ ಅಲ್ಲೂ ತೆರೆಯುವುದಿಲ್ಲ. ಆ ಬೀಗಕ್ಕೆ ಡಿಆರ್‌ಎಂ ಎಂದು ಹೆಸರು.

ಹಾಗಾದರೆ ದಾರಿಗಳು ಯಾವುವು? ಬೀಗವಿಲ್ಲದ ಫೈಲುಗಳನ್ನೇ ಮಾರುವ ತಾಣಗಳಿವೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡರೆ ಎಂಪಿ3 ಬೇಕಾ, ಫ್ಲ್ಯಾಕ್ ಬೇಕಾ ಎಂದು ನೀವೇ ಆರಿಸಬಹುದು (ಈ ಎರಡು ಫೈಲ್ ಬಗೆಗಳ ವ್ಯತ್ಯಾಸ ಮುಂದಿನ ಹಂತದಲ್ಲಿದೆ). ಆ್ಯಪಲ್‌ನ ಐಟ್ಯೂನ್ಸ್ ಅಂಗಡಿ ಕೂಡ 2009ರಲ್ಲೇ ಮಾರುವ ಹಾಡುಗಳ ಮೇಲಿನ ಬೀಗ ತೆಗೆಯಿತು. ಮನೆಯಲ್ಲಿ ಹಳೆಯ ಸಿಡಿಗಳಿದ್ದರೆ ಅದಕ್ಕಿಂತ ಒಳ್ಳೆಯ ಮೂಲ ಇಲ್ಲ. ಸಿಡಿಯಿಂದ ಕಂಪ್ಯೂಟರ್‌ಗೆ ಹಾಡು ಎತ್ತುವುದಕ್ಕೆ ರಿಪ್ ಮಾಡುವುದು ಅನ್ನುತ್ತಾರೆ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಈ ಕೆಲಸಕ್ಕೆ ಹೆಸರುವಾಸಿ. ಇವು ಗೀರು ಬಿದ್ದ ಜಾಗವನ್ನು ಮತ್ತೆ ಮತ್ತೆ ಓದುತ್ತವೆ. ನೀವು ಎತ್ತಿದ್ದು ಸರಿಯಾಗಿದೆಯಾ ಎಂದು ಅದೇ ಸಿಡಿಯನ್ನು ಎತ್ತಿದ ಬೇರೆಯವರ ಫಲಿತಾಂಶದ ಜೊತೆ ಹೋಲಿಸಿಯೂ ಹೇಳುತ್ತವೆ. ಸಿಡಿ ಡ್ರೈವ್ ಇಲ್ಲದ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಚುಚ್ಚುವ ಡ್ರೈವ್ ಸಿಗುತ್ತದೆ.

4. ಫಾರ್ಮ್ಯಾಟ್ ಆರಿಸಿ

ಇದು ಕಾರ್ಡ್ ಫಾರ್ಮ್ಯಾಟ್ ಅಲ್ಲ, ಹಾಡಿನ ಫೈಲ್ ಬಗೆ. ಎರಡಕ್ಕೂ ಒಂದೇ ಪದ ಬಳಕೆಯಲ್ಲಿರುವುದರಿಂದ ಹೊಸಬರಿಗೆ ಗೊಂದಲ ಆಗುತ್ತದೆ.

ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆದಿರುತ್ತಾರೆ. ಹಾಗೆ ಬರುವ ಡೇಟಾ ಸೆಕೆಂಡಿಗೆ 1,411 ಕಿಲೋಬಿಟ್, ನಿಮಿಷಕ್ಕೆ ಸುಮಾರು 10 ಎಂಬಿ. ಇದನ್ನು ಚಿಕ್ಕದು ಮಾಡಲು ಎರಡು ದಾರಿ. ಒಂದು, ಕಿವಿಗೆ ಅಷ್ಟಾಗಿ ಕೇಳಿಸದ ಭಾಗಗಳನ್ನು ಕಿತ್ತುಹಾಕುವುದು. ಎಂಪಿ3, ಎಎಸಿ, ಓಪಸ್ ಮಾಡುವುದು ಇದನ್ನೇ. ಕಿತ್ತದ್ದು ಮತ್ತೆ ಬರುವುದಿಲ್ಲ. ಇನ್ನೊಂದು, ಏನನ್ನೂ ಕೀಳದೆ ಒತ್ತಾಗಿ ಮಡಿಸಿಡುವುದು. ಫ್ಲ್ಯಾಕ್ ಮಾಡುವುದು ಅದನ್ನು. ಕೇಳುವಾಗ ಮಡಿಕೆ ಬಿಚ್ಚಿದರೆ ಸಿಡಿಯಲ್ಲಿದ್ದ ಒಂದೊಂದು ಅಂಕೆಯೂ ಹಾಗೇ ಸಿಗುತ್ತದೆ.

ಐದು ನಿಮಿಷದ ಹಾಡು 320 ಕಿಲೋಬಿಟ್ ಎಂಪಿ3ಯಲ್ಲಿ 12 ಎಂಬಿ, ಫ್ಲ್ಯಾಕ್‌ನಲ್ಲಿ ಸುಮಾರು 30 ಎಂಬಿ. 64 ಜಿಬಿ ಕಾರ್ಡ್‌ನಲ್ಲಿ ಮೊದಲನೆಯದು ಐದು ಸಾವಿರದಷ್ಟು, ಎರಡನೆಯದು ಎರಡು ಸಾವಿರದಷ್ಟು ಹಿಡಿಯುತ್ತದೆ.

ನನ್ನ ಸಲಹೆ ಇಷ್ಟು. ಸಿಡಿಯಿಂದ ಎತ್ತುವಾಗ ಫ್ಲ್ಯಾಕ್‌ನಲ್ಲೇ ಎತ್ತಿ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಆ ಕೆಲಸ ಒಮ್ಮೆ ಮಾಡಿದರೆ ಸಾಕು. ಪ್ಲೇಯರ್‌ನಲ್ಲಿ ಜಾಗ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಅದರಿಂದ ಎಂಪಿ3 ಮಾಡಿ ಹಾಕಿ. ಮೂಲ ಮಾತ್ರ ಹಾಗೇ ಇರಲಿ. ನಡೆಯುತ್ತಾ, ಬಸ್ಸಿನಲ್ಲಿ ಕೂತು ಕೇಳುವಾಗ 320ರ ಎಂಪಿ3ಗೂ ಫ್ಲ್ಯಾಕ್‌ಗೂ ವ್ಯತ್ಯಾಸ ಹಿಡಿಯುವುದು ತುಂಬಾ ಕಷ್ಟ. ಹಾಗಾಗಿ ಎಂಪಿ3 ಹಾಕಿದರೆ ಏನೋ ಕಳೆದುಕೊಂಡೆ ಎಂಬ ಕೊರಗು ಬೇಡ.

ಬೇಡವೇ ಬೇಡ ಅನ್ನುವ ಎರಡು ಕೆಲಸಗಳಿವೆ. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸುವುದು ಮೊದಲನೆಯದು. ಫೈಲ್ ದೊಡ್ಡದಾಗುತ್ತದೆ, ಕಿತ್ತುಹಾಕಿದ ಧ್ವನಿ ವಾಪಸ್ ಬರುವುದಿಲ್ಲ. 128ರ ಎಂಪಿ3ಯನ್ನು 320ಕ್ಕೆ ಏರಿಸುವುದು ಎರಡನೆಯದು. ಅದರಲ್ಲಿ ಲಾಭ ಇಲ್ಲ, ಮೇಲಿಂದ ಇನ್ನೊಂದು ಸಲ ಕೀಳುವುದರಿಂದ ಧ್ವನಿ ಸ್ವಲ್ಪ ಕೆಡುತ್ತದೆ.

5. ಹೆಸರು ಮತ್ತು ಟ್ಯಾಗ್: ಇಲ್ಲಿ ನಿಧಾನಿಸಿ

ಪ್ಲೇಯರ್ ಇಷ್ಟವಾಗುತ್ತದಾ, ಒಂದು ವಾರದಲ್ಲಿ ಮೂಲೆ ಸೇರುತ್ತದಾ ಎಂಬುದು ಈ ಹಂತದಲ್ಲಿ ತೀರ್ಮಾನ ಆಗುತ್ತದೆ.

ಟ್ಯಾಗ್ ಅಂದರೆ ಹಾಡಿನ ಫೈಲ್ ಒಳಗೇ ಅಂಟಿಸಿದ ಚೀಟಿ. ಹಾಡಿನ ಹೆಸರು, ಗಾಯಕರು, ಆಲ್ಬಮ್, ಎಷ್ಟನೆಯ ಹಾಡು, ಯಾವ ವರ್ಷ, ಇವೆಲ್ಲಾ ಅದರಲ್ಲಿರುತ್ತವೆ. ಪ್ಲೇಯರ್ "ಗಾಯಕರು", "ಆಲ್ಬಮ್" ಎಂದು ಪಟ್ಟಿ ತೋರಿಸುವುದು ಈ ಚೀಟಿ ನೋಡಿಯೇ ಹೊರತು ಫೈಲಿನ ಹೆಸರು ನೋಡಿ ಅಲ್ಲ. ಫೈಲಿಗೆ ಎಷ್ಟೇ ಚೆನ್ನಾಗಿ ಹೆಸರಿಟ್ಟರೂ ಚೀಟಿ ಖಾಲಿ ಇದ್ದರೆ ಆ ಹಾಡು "ಅನ್‌ನೋನ್" ಎಂಬ ಗುಂಪಿಗೆ ಹೋಗಿ ಬೀಳುತ್ತದೆ. ಹಾಡು ಕಾಣುತ್ತಿಲ್ಲ ಎಂದು ಕೇಳಿದವರ ಎಷ್ಟೋ ಹಾಡುಗಳು ಸಿಕ್ಕಿದ್ದು ಅಲ್ಲೇ.

ಟ್ಯಾಗ್ ತಿದ್ದಲು ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಸುಲಭ. ಹೆಸರು ಹಾಗಿದ್ದರೂ ಫ್ಲ್ಯಾಕ್ ಫೈಲುಗಳನ್ನೂ ತಿದ್ದುತ್ತದೆ. ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಎಂಬುದು ಹಾಡಿನ ಧ್ವನಿಯನ್ನೇ ನೋಡಿ ಇದು ಯಾವ ಹಾಡೆಂದು ಹುಡುಕಿಕೊಡುತ್ತದೆ, ಉಚಿತವೂ ಹೌದು. ಆದರೆ ಎಲ್ಲವನ್ನೂ ಅದಕ್ಕೆ ಒಪ್ಪಿಸಿ ಕಣ್ಣು ಮುಚ್ಚಬೇಡಿ. ಒಂದೇ ಹಾಡು ನಾಲ್ಕು ಸಂಗ್ರಹಗಳಲ್ಲಿ ಬಂದಿದ್ದರೆ ಅದು ಯಾವುದನ್ನೋ ಆರಿಸಿಬಿಡುತ್ತದೆ.

ಈಗ ಆಲ್ಬಮ್ ಚೂರಾಗುವ ಕಥೆ. ಹತ್ತು ಹಾಡಿನ ಒಂದು ಆಲ್ಬಮ್, ಒಂದೊಂದು ಹಾಡಿಗೂ ಬೇರೆ ಗಾಯಕರು ಎಂದುಕೊಳ್ಳಿ. ಪ್ಲೇಯರ್ ಗಾಯಕರನ್ನು ನೋಡಿ ಗುಂಪು ಮಾಡುತ್ತದೆ, ಹತ್ತು ಆಲ್ಬಮ್ ತೋರಿಸುತ್ತದೆ. ಇದಕ್ಕೆ ಮದ್ದು "ಆಲ್ಬಮ್ ಆರ್ಟಿಸ್ಟ್" ಎಂಬ ಬೇರೆಯೇ ಒಂದು ಖಾನೆ. ಹತ್ತೂ ಹಾಡನ್ನು ಒಟ್ಟಿಗೆ ಆರಿಸಿ, ಆ ಖಾನೆಯಲ್ಲಿ ಒಂದೇ ಹೆಸರು ಬರೆಯಿರಿ. ಸಂಗೀತ ನಿರ್ದೇಶಕರ ಹೆಸರಾದರೂ ಸರಿ, "ಹಲವರು" ಎಂದಾದರೂ ಸರಿ, ಎಲ್ಲಾ ಹಾಡಿಗೂ ಅದೇ ಇರಬೇಕು ಅಷ್ಟೇ. ಸಿನಿಮಾ ಹಾಡುಗಳನ್ನು ಜಾಸ್ತಿ ಕೇಳುವವರಿಗೆ ಈ ಖಾನೆ ಇಲ್ಲದೆ ನಡೆಯುವುದೇ ಇಲ್ಲ.

ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿದ್ದರೂ ಕೆಲವು ಪ್ಲೇಯರ್ ಅದನ್ನು ಬೇರೆ ಆಲ್ಬಮ್ ಅಂದುಕೊಳ್ಳುತ್ತದೆ. ಎಲ್ಲಾ ಸರಿ ಇದ್ದೂ ಒಂದು ಹಾಡು ಮಾತ್ರ ಹೊರಗೆ ನಿಂತಿದ್ದರೆ ಅದನ್ನು ನೋಡಿ.

ಇನ್ನು ಕನ್ನಡ ಅಕ್ಷರ. ಟ್ಯಾಗ್‌ನಲ್ಲಿ ಕನ್ನಡ ಬರೆದರೆ ಪ್ಲೇಯರ್‌ನಲ್ಲಿ ಏನಾಗುತ್ತದೆ? ಮೂರು ಬಗೆಯಲ್ಲಿ ಕೆಡಬಹುದು. ಯಾವ ಬಗೆ ಎಂದು ಗುರುತಿಸಿದರೆ ಕಾರಣವೂ ಸಿಕ್ಕಿತು.

ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಕಂಡರೆ, ಅಕ್ಷರಗಳು ಫೈಲಿನಲ್ಲೇ ತಪ್ಪಾಗಿ ಕೂತಿವೆ. ಎಂಪಿ3ಯಲ್ಲಿ ಚೀಟಿ ಬರೆಯುವ ಐಡಿ3 ಎಂಬ ಪದ್ಧತಿಗೆ ಹಲವು ಆವೃತ್ತಿಗಳಿವೆ. ಅತಿ ಹಳೆಯದರಲ್ಲಿ ಹೆಸರಿಗೆ ಬರೀ 30 ಅಕ್ಷರದ ಜಾಗ, ಅದೂ ಇಂಗ್ಲಿಷ್‌ನಂಥ ಲಿಪಿಗೆ ಮಾತ್ರ. ಎಂಪಿ3ಟ್ಯಾಗ್‌ನ ಆಯ್ಕೆಗಳಲ್ಲಿ ಐಡಿ3 ಆವೃತ್ತಿ 2.3, ಯುಟಿಎಫ್-16 ಎಂದು ಇಟ್ಟು, ಹೆಸರನ್ನು ಮತ್ತೆ ಬರೆದು ಉಳಿಸಿ. ಹೆಚ್ಚಿನ ಪ್ಲೇಯರ್‌ಗೆ ಓದಲು ಬರುವುದು ಇದೇ.

ಖಾಲಿ ಚೌಕಗಳು ಕಂಡರೆ, ಫೈಲ್ ಸರಿ ಇದೆ, ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ನೀವು ಟ್ಯಾಗ್ ಎಷ್ಟು ತಿದ್ದಿದರೂ ಬದಲಾಗುವುದಿಲ್ಲ.

ಮೂರನೆಯದು ಇನ್ನೂ ಬೇಸರದ್ದು. ಅಕ್ಷರ ಬರುತ್ತದೆ, ಒತ್ತು ಕೂರುವುದಿಲ್ಲ. "ಅಕ್ಕ" ಎಂಬುದು "ಅಕ್‌ಕ" ಎಂದು ಕಾಣುತ್ತದೆ. ಫಾಂಟ್ ಇದೆ, ಆದರೆ ಅಕ್ಷರಗಳನ್ನು ಜೋಡಿಸಿ ಒತ್ತಕ್ಷರ ಮಾಡುವ ಸಾಫ್ಟ್‌ವೇರ್ ಆ ಸಣ್ಣ ಪ್ಲೇಯರ್‌ನಲ್ಲಿಲ್ಲ. ಆಂಡ್ರಾಯ್ಡ್ ಇರುವ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಈ ತೊಂದರೆ ಇರುವುದಿಲ್ಲ.

ಆದ್ದರಿಂದ ಒಂದೇ ಒಂದು ಹಾಡಿಗೆ ಒತ್ತಕ್ಷರ ಇರುವ ಕನ್ನಡ ಹೆಸರು ಕೊಟ್ಟು, ಪ್ಲೇಯರ್‌ಗೆ ಹಾಕಿ ನೋಡಿ. ಚೆನ್ನಾಗಿ ಕಂಡರೆ ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ. ನಮ್ಮ ಹಾಡಿನ ಹೆಸರನ್ನು ನಮ್ಮ ಲಿಪಿಯಲ್ಲಿ ನೋಡುವ ಖುಷಿಯೇ ಬೇರೆ. ಕಾಣದಿದ್ದರೆ ಇಂಗ್ಲಿಷ್ ಲಿಪಿಗೆ ಹೋಗುವುದು ಅನಿವಾರ್ಯ. ಆಗ ಒಂದು ಹೆಸರಿಗೆ ಒಂದೇ ಕಾಗುಣಿತ ಇಟ್ಟುಕೊಳ್ಳಿ. "ಲಕ್ಷ್ಮಿ" ಎಂಬುದನ್ನು ಇಂಗ್ಲಿಷ್‌ನಲ್ಲಿ ಮೂರು ಬಗೆಯಲ್ಲಿ ಬರೆಯಬಹುದು, ಅಲ್ವಾ? ಮೂರೂ ಬಗೆಯಲ್ಲಿ ಬರೆದಿದ್ದರೆ ಪ್ಲೇಯರ್‌ಗೆ ಅವರು ಮೂವರು ಗಾಯಕಿಯರು. ಒಂದು ಸಣ್ಣ ಪಟ್ಟಿ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ತುಂಬಾ ಅನುಕೂಲ.

ಫೈಲ್ ಹೆಸರಿಗೆ ಎರಡು ಮಾತು ಸಾಕು. ಮೊದಲಿಗೆ ಸಂಖ್ಯೆ ಇರಲಿ, ಅದು ಎರಡು ಅಂಕೆಯದ್ದಾಗಿರಲಿ: 01, 02, 03. ಬರೀ 1, 2 ಎಂದು ಇಟ್ಟರೆ ಕೆಲವು ಪ್ಲೇಯರ್‌ಗಳಲ್ಲಿ 1 ಆದ ಮೇಲೆ 10 ಬರುತ್ತದೆ, ಆಮೇಲೆ 11, ಎಷ್ಟೋ ಆದ ಮೇಲೆ 2.

ಆಲ್ಬಮ್ ಚಿತ್ರ ಹಾಕುವುದಾದರೆ 500 ಪಿಕ್ಸೆಲ್ ಅಗಲ, 500 ಎತ್ತರದ ಜೆಪೆಗ್ ಸಾಕು. ಜೆಪೆಗ್‌ನಲ್ಲಿ ಬೇಸ್‌ಲೈನ್, ಪ್ರೋಗ್ರೆಸಿವ್ ಎಂದು ಎರಡು ಬಗೆ. ಎರಡನೆಯದು ವೆಬ್‌ಗೆಂದು ಮಾಡಿದ್ದು, ಸಣ್ಣ ಪ್ಲೇಯರ್‌ಗಳು ಅದನ್ನು ತೋರಿಸದೇ ಇರಬಹುದು. ಚಿತ್ರ ಬರುತ್ತಿಲ್ಲ ಅಂದರೆ ಯಾವುದಾದರೂ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದು ಬೇಸ್‌ಲೈನ್ ಆಗಿ ಉಳಿಸಿ, ಮತ್ತೆ ಸೇರಿಸಿ.

6. ಮೊದಲು ಒಂದೇ ಆಲ್ಬಮ್ ಸಾಗಿಸಿ

ಚೆನ್ನಾಗಿ ಗೊತ್ತಿರುವ ಒಂದು ಆಲ್ಬಮ್ ಆರಿಸಿ. ಕಂಪ್ಯೂಟರ್‌ನಲ್ಲಿ ಗಾಯಕರ ಹೆಸರಿನ ಫೋಲ್ಡರ್, ಅದರೊಳಗೆ ಆಲ್ಬಮ್‌ನ ಫೋಲ್ಡರ್, ಅದರೊಳಗೆ ಹಾಡುಗಳು. ಇದೇ ಕ್ರಮದಲ್ಲಿ ಕಾರ್ಡ್‌ಗೆ ನಕಲು ಮಾಡಿ. ಜಾಸ್ತಿ ಹಾಡಿದ್ದರೆ ಪ್ಲೇಯರ್ ಮೂಲಕ ಕಳಿಸುವುದಕ್ಕಿಂತ ಕಾರ್ಡ್ ತೆಗೆದು ಕಾರ್ಡ್ ರೀಡರ್‌ನಲ್ಲಿ ಹಾಕಿ ಕಳಿಸುವುದು ಸಾಮಾನ್ಯವಾಗಿ ಬೇಗ ಆಗುತ್ತದೆ.

ಪ್ಲೇಯರನ್ನೇ ಜೋಡಿಸಿದರೆ ಅದು ಎರಡರಲ್ಲಿ ಒಂದು ರೀತಿ ಕಾಣಿಸುತ್ತದೆ. ಪೆನ್‌ಡ್ರೈವ್ ಥರ ಕಂಡರೆ ಮಾಸ್ ಸ್ಟೋರೇಜ್. ಕ್ಯಾಮೆರಾ, ಫೋನ್ ಥರ ಸಾಧನದ ಹೆಸರಿನಲ್ಲಿ ಕಂಡರೆ ಎಂಟಿಪಿ. ಮ್ಯಾಕ್‌ಗೆ ಎಂಟಿಪಿ ತಾನಾಗಿ ಅರ್ಥ ಆಗುವುದಿಲ್ಲ. ಹಾಗಾಗಿ ಮ್ಯಾಕ್ ಬಳಸುವವರು ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲಿ ಮಾಸ್ ಸ್ಟೋರೇಜ್ ಆರಿಸಿ, ಇಲ್ಲವೇ ಕಾರ್ಡ್ ರೀಡರ್ ಬಳಸಿ. ಮ್ಯಾಕ್‌ನಿಂದ ನಕಲು ಮಾಡಿದ ಮೇಲೆ ಪ್ರತಿ ಹಾಡಿಗೂ ಒಂದೊಂದು ಓಡದ ಅವಳಿ ಕಾಣಿಸಬಹುದು, ಹೆಸರು ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುತ್ತದೆ. ಅದು ಮ್ಯಾಕ್ ತನಗಾಗಿ ಬರೆದುಕೊಂಡ ಸಣ್ಣ ಟಿಪ್ಪಣಿ ಫೈಲ್. ಅಳಿಸಿದರೆ ಹಾಡಿಗೆ ಏನೂ ಆಗುವುದಿಲ್ಲ.

ನಕಲು ಮುಗಿದ ಮೇಲೆ ಇಜೆಕ್ಟ್ ಒತ್ತಿಯೇ ಕೀಳಿ. ಪರದೆಯಲ್ಲಿ ಹಸಿರು ಪಟ್ಟಿ ತುಂಬಿತು ಎಂದ ಮಾತ್ರಕ್ಕೆ ಬರವಣಿಗೆ ಮುಗಿದಿರಬೇಕೆಂದಿಲ್ಲ. ಕಂಪ್ಯೂಟರ್ ಸ್ವಲ್ಪ ಡೇಟಾವನ್ನು ತನ್ನ ಹತ್ತಿರವೇ ಹಿಡಿದುಕೊಂಡು ಆಮೇಲೆ ಬರೆಯುತ್ತಿರಬಹುದು. ನಾನು ಒಮ್ಮೆ ಹೀಗೆ ಅವಸರದಲ್ಲಿ ಕಿತ್ತು, ಕಾರ್ಡ್‌ನ ಇಡೀ ಫೋಲ್ಡರ್ ಪಟ್ಟಿಯೇ ಹಾಳಾಗಿ, ಎರಡು ದಿನದ ಕೆಲಸ ಮತ್ತೆ ಮಾಡಿದ್ದೇನೆ. ಹತ್ತು ಸೆಕೆಂಡ್ ಕಾಯಿರಿ.

ಪ್ಲೇಲಿಸ್ಟ್ ಮಾಡುವ ಆಸೆ ಇದ್ದರೆ ಎಂ3ಯು ಎಂಬ ಬಗೆಯಲ್ಲಿ ಉಳಿಸಿ. ಅದು ಹಾಡುಗಳ ವಿಳಾಸಗಳ ಪಟ್ಟಿ ಅಷ್ಟೇ, ಒಳಗೆ ಹಾಡು ಇರುವುದಿಲ್ಲ. ವಿಳಾಸ ಕಂಪ್ಯೂಟರ್‌ನ ಡ್ರೈವ್ ಹೆಸರಿನಿಂದ ಶುರುವಾದರೆ ಪ್ಲೇಯರ್‌ಗೆ ಹಾಡು ಸಿಗುವುದಿಲ್ಲ. ಉಳಿಸುವಾಗ "ರಿಲೇಟಿವ್ ಪಾತ್" ಎಂಬ ಆಯ್ಕೆ ಇಟ್ಟುಕೊಳ್ಳಿ.

7. ಪ್ಲೇಯರ್‌ನಲ್ಲಿ ಪಟ್ಟಿ ಹೊಸದು ಮಾಡಿ

ಕಾರ್ಡ್ ಹಾಕಿದ ಕೂಡಲೇ ಹಾಡು ಕಾಣಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ "ಸ್ಕ್ಯಾನ್" ಅಥವಾ "ಅಪ್‌ಡೇಟ್ ಲೈಬ್ರರಿ" ಹುಡುಕಿ ಒತ್ತಿ. ಪ್ಲೇಯರ್ ಎಲ್ಲಾ ಚೀಟಿಗಳನ್ನು ಓದಿ ಪಟ್ಟಿ ಮಾಡಿಕೊಳ್ಳುತ್ತದೆ. ಟ್ಯಾಗ್ ತಿದ್ದಿದಾಗಲೆಲ್ಲಾ ಇದನ್ನು ಮಾಡಬೇಕು. ಸ್ಕ್ಯಾನ್ ಒಂದೇ ಕಡೆ ಸಿಕ್ಕಿಕೊಂಡು ನಿಂತರೆ ಯಾವುದೋ ಒಂದು ಫೈಲ್ ಕೆಟ್ಟಿದೆ ಎಂದು ಅರ್ಥ. ಅರ್ಧರ್ಧ ಫೋಲ್ಡರ್ ತೆಗೆದು ನೋಡುತ್ತಾ ಹೋದರೆ ಬೇಗ ಸಿಗುತ್ತದೆ.

ಪಟ್ಟಿಯಲ್ಲಿ ಇಲ್ಲದ ಹಾಡು ಫೋಲ್ಡರ್ ನೋಟದಲ್ಲಿ ಕಂಡರೆ, ತೊಂದರೆ ಟ್ಯಾಗ್‌ನದು. ಫೋಲ್ಡರ್‌ನಲ್ಲೂ ಕಾಣದಿದ್ದರೆ ಆ ಫೈಲ್ ಬಗೆ ಪ್ಲೇಯರ್‌ಗೆ ಗೊತ್ತಿಲ್ಲ, ಅಥವಾ ಹಾಡು ಕಾರ್ಡ್‌ಗೆ ಬಂದೇ ಇಲ್ಲ. ಇದೊಂದು ಪರೀಕ್ಷೆಯಿಂದಲೇ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಇನ್ನೆರಡು ಆಯ್ಕೆಗಳನ್ನು ಇಲ್ಲೇ ನೋಡಿಬಿಡಿ. ಗ್ಯಾಪ್‌ಲೆಸ್ ಎಂಬುದು ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಮಧ್ಯೆ ಮೌನ ಬರದಂತೆ ನೋಡುತ್ತದೆ. ವೇದಿಕೆಯಲ್ಲಿ ನೇರವಾಗಿ ಮುದ್ರಿಸಿದ ಸಂಗೀತ ಕೇಳುವವರು ಇದನ್ನು ಆನ್ ಮಾಡಲೇಬೇಕು. ಇಲ್ಲದಿದ್ದರೆ ಚಪ್ಪಾಳೆಯ ನಡುವೆ ಕಡಿದಂತಾಗುತ್ತದೆ. ರಿಪ್ಲೇಗೇನ್ ಎಂಬುದು ಒಂದು ಹಾಡು ಮೆಲ್ಲಗೆ, ಮುಂದಿನದು ಕಿವಿ ಹರಿಯುವಷ್ಟು ಜೋರು ಎಂಬ ಕಾಟ ತಪ್ಪಿಸುತ್ತದೆ. ಅದಕ್ಕೆ ಹಾಡುಗಳ ಮಟ್ಟವನ್ನು ಕಂಪ್ಯೂಟರ್‌ನಲ್ಲಿ ಮೊದಲೇ ಅಳೆದು ಟ್ಯಾಗ್‌ಗೆ ಬರೆಸಿರಬೇಕು. ಫೂಬಾರ್2000 ಈ ಕೆಲಸ ಮಾಡುತ್ತದೆ. ಹಾಡಿನ ಧ್ವನಿಯನ್ನು ಅದು ಮುಟ್ಟುವುದಿಲ್ಲ, ಎಷ್ಟು ತಗ್ಗಿಸಬೇಕು ಎಂದು ಚೀಟಿಯಲ್ಲಿ ಬರೆಯುತ್ತದೆ ಅಷ್ಟೇ.

8. ಇಯರ್‌ಫೋನ್, ವಾಲ್ಯೂಮ್, ಕಿವಿ

ಕೆಲವು ಪ್ಲೇಯರ್‌ಗಳಲ್ಲಿ ಎರಡು ಕಿಂಡಿ ಇರುತ್ತವೆ. 3.5 ಮಿಮೀ ಮಾಮೂಲಿಯದು. 4.4 ಅಥವಾ 2.5 ಮಿಮೀಯದು ಬ್ಯಾಲೆನ್ಸ್ಡ್ ಎಂಬ ಬೇರೆ ಬಗೆಯ ತಂತಿಗೆ. ಹೊಸಬರಿಗೆ ಮೊದಲನೆಯದು ಸಾಕು. ಲೈನ್ ಔಟ್ ಎಂದು ಬರೆದ ಕಿಂಡಿಗೆ ಇಯರ್‌ಫೋನ್ ಹಾಕಬೇಡಿ. ಅದು ದೊಡ್ಡ ಆಂಪ್ಲಿಫೈಯರ್‌ಗೆ ಜೋಡಿಸಲು ಇರುವುದು, ಸಾಮಾನ್ಯವಾಗಿ ಅಲ್ಲಿ ಧ್ವನಿ ಪೂರ್ತಿ ಜೋರಾಗಿ ಬರುತ್ತದೆ. ಗೇನ್ ಎಂಬ ಆಯ್ಕೆ ಇದ್ದರೆ "ಲೋ" ಇರಲಿ. ಕಿವಿಯೊಳಗೆ ಕೂರುವ ಇಯರ್‌ಫೋನ್‌ಗೆ ಅಷ್ಟು ಸಾಕು. "ಹೈ" ಇರುವುದು 300 ಓಮ್‌ನಂಥ, ಓಡಿಸಲು ಜಾಸ್ತಿ ಶಕ್ತಿ ಬೇಡುವ ದೊಡ್ಡ ಹೆಡ್‌ಫೋನ್‌ಗಳಿಗೆ.

ಬ್ಲೂಟೂತ್‌ನಲ್ಲೂ ಕೇಳಬಹುದು. ಆದರೆ ಧ್ವನಿ ಗಾಳಿಯಲ್ಲಿ ಹೋಗುವ ಮುಂಚೆ ಮತ್ತೆ ಚಿಕ್ಕದಾಗುತ್ತದೆ. ಎಲ್‌ಡ್ಯಾಕ್ ಎಂಬ ಉತ್ತಮ ಪದ್ಧತಿಯಲ್ಲೂ ಗರಿಷ್ಠ 990 ಕಿಲೋಬಿಟ್, ಸಿಡಿಯ 1,411ಕ್ಕಿಂತ ಕಡಿಮೆ. ಅದೂ ಪ್ಲೇಯರ್, ಹೆಡ್‌ಫೋನ್ ಎರಡರಲ್ಲೂ ಇದ್ದರೆ ಮಾತ್ರ.

ಕಿವಿಯ ವಿಷಯಕ್ಕೆ ಬರೋಣ, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗಾದರೆ 75 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 90ರ ಹೊತ್ತಿಗೆ ವಾರಕ್ಕೆ ನಾಲ್ಕೇ ಗಂಟೆ. ಗದ್ದಲದ ಜಾಗದಲ್ಲಿ ನಮಗೆ ಗೊತ್ತಿಲ್ಲದೇ ವಾಲ್ಯೂಮ್ ಏರಿಸುತ್ತೇವೆ, ಆ ಗದ್ದಲ ನಿಂತ ಮೇಲೂ ಇಳಿಸುವುದಿಲ್ಲ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ ಆರಿಸಿದರೆ ಹೊರಗಿನ ಸದ್ದು ತಗ್ಗುತ್ತದೆ, ವಾಲ್ಯೂಮ್ ಕಡಿಮೆ ಇಟ್ಟೇ ಎಲ್ಲಾ ಕೇಳಿಸುತ್ತದೆ. ಸರಿಯಾಗಿ ಕೂರದಿದ್ದರೆ ತಗ್ಗಿನ ಧ್ವನಿಗಳೆಲ್ಲಾ ಸೋರಿಹೋಗುತ್ತವೆ. "ಬೇಸ್ ಇಲ್ಲ" ಎಂದು ಬೇಸರಪಟ್ಟವರು ಮೊದಲು ರಬ್ಬರ್ ತುದಿಯ ಅಳತೆ ಬದಲಿಸಿ ನೋಡಲಿ. ಪ್ಲೇಯರ್‌ನಲ್ಲಿ ವಾಲ್ಯೂಮ್ ಮಿತಿ ಇಡುವ ಆಯ್ಕೆ ಇದ್ದರೆ ಇಡಿ, ಜೇಬಿನಲ್ಲಿ ಬಟನ್ ಒತ್ತಿಕೊಂಡು ದಿಢೀರ್ ಜೋರಾಗುವುದೂ ತಪ್ಪುತ್ತದೆ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ವಾಲ್ಯೂಮ್ ಜಾಸ್ತಿ ಆಗಿತ್ತು ಎಂದೇ ತಿಳಿಯಿರಿ.

9. ಬ್ಯಾಟರಿ ಮತ್ತು ಫರ್ಮ್‌ವೇರ್

ಲಿಥಿಯಂ ಬ್ಯಾಟರಿಗೆ ಬಿಸಿ ಒಳ್ಳೆಯದಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧದಷ್ಟು ಚಾರ್ಜ್ ಇಟ್ಟು ಎತ್ತಿಡಿ, ಆಗಾಗ ತೆಗೆದು ನೋಡಿ. ಪೂರ್ತಿ ಖಾಲಿಯಾಗಿ ವರ್ಷಗಟ್ಟಲೆ ಬಿದ್ದ ಬ್ಯಾಟರಿ ಮತ್ತೆ ಏಳದೇ ಹೋಗಬಹುದು. ಹಿಂಬದಿ ಉಬ್ಬಿದ್ದರೆ ಒತ್ತಬೇಡಿ, ಚಾರ್ಜ್ ಮಾಡಬೇಡಿ, ರಿಪೇರಿ ಗೊತ್ತಿರುವವರ ಕೈಗೆ ಕೊಡಿ.

ಫರ್ಮ್‌ವೇರ್ ಅಂದರೆ ಪ್ಲೇಯರ್ ನಡೆಸುವ ಒಳಗಿನ ಸಾಫ್ಟ್‌ವೇರ್. ತಯಾರಕರ ತಾಣದಲ್ಲಿ ಹೊಸದು ಬಂದಿದ್ದರೆ ಹಾಕಿಕೊಳ್ಳಬಹುದು. ಮಾದರಿಯ ಹೆಸರು ಒಂದಕ್ಷರವೂ ತಪ್ಪದೆ ಹೊಂದಬೇಕು. ಒಂದೇ ಹೆಸರಿನ ಪ್ಲೇಯರ್‌ನ ಹಳೆಯ, ಹೊಸ ತಯಾರಿಕೆಗೆ ಬೇರೆಬೇರೆ ಫೈಲ್ ಇರುವುದುಂಟು. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರಲಿ, ಮಧ್ಯೆ ಆಫ್ ಮಾಡಬೇಡಿ. ಈಗಿರುವುದು ತೊಂದರೆ ಇಲ್ಲದೆ ನಡೆಯುತ್ತಿದ್ದರೆ ಅವಸರವೂ ಇಲ್ಲ. ರಾಕ್‌ಬಾಕ್ಸ್ ಎಂಬ, 2001ರಿಂದ ಸ್ವಯಂಸೇವಕರು ಬೆಳೆಸುತ್ತಾ ಬಂದ ಉಚಿತ ಫರ್ಮ್‌ವೇರ್ ಕೂಡ ಇದೆ. ಹಳೆಯ ಪ್ಲೇಯರ್‌ಗಳಿಗೆ ಅದು ಹೊಸ ಜೀವ ಕೊಡುತ್ತದೆ, ಆದರೆ ನಿಮ್ಮ ಮಾದರಿ ಅದರ ಪಟ್ಟಿಯಲ್ಲಿ ಇದ್ದರೆ ಮಾತ್ರ. ಮೊದಲ ತಿಂಗಳಲ್ಲೇ ಅದಕ್ಕೆ ಕೈ ಹಾಕುವುದು ಬೇಡ.

ಪ್ಲೇಯರ್ ಮಧ್ಯೆ ಸ್ತಬ್ಧವಾಗಿ ಏನೊತ್ತಿದರೂ ಅಲುಗದಿದ್ದರೆ, ಮೊದಲು ಹೋಲ್ಡ್ ಬಟನ್ (ಉಳಿದ ಬಟನ್‌ಗಳು ಕೆಲಸ ಮಾಡದಂತೆ ತಡೆಯುವುದು) ಸರಿದಿದೆಯಾ ನೋಡಿ. ಅದಲ್ಲದಿದ್ದರೆ ಪವರ್ ಬಟನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಹೆಚ್ಚಿನವು ಹೊಸದಾಗಿ ಶುರುವಾಗುತ್ತವೆ. ಶುರುವಾದ ಮೇಲೂ ಅದೇ ಹಾಡಿಗೆ ಬಂದು ನಿಂತರೆ ಕಾರ್ಡ್ ತೆಗೆದು ಆನ್ ಮಾಡಿ, ಆ ಹಾಡನ್ನು ಕಂಪ್ಯೂಟರ್‌ನಲ್ಲಿ ಅಳಿಸಿ.

10. ಈಗ ಉಳಿದ ಹಾಡುಗಳು

ಮೊದಲ ಆಲ್ಬಮ್ ಸರಿಯಾದ ಹೆಸರಿನಲ್ಲಿ, ಸರಿಯಾದ ಕ್ರಮದಲ್ಲಿ, ಚಿತ್ರದ ಸಮೇತ ಕಾಣಿಸಿ, ಶುರುವಿನಿಂದ ಕೊನೆವರೆಗೆ ತಡೆಯಿಲ್ಲದೆ ಓಡಿತಾ? ಹಾಗಿದ್ದರೆ ಉಳಿದವನ್ನೂ ಅದೇ ರೀತಿ, ಒಂದು ಸಲಕ್ಕೆ ಹತ್ತಿಪ್ಪತ್ತು ಆಲ್ಬಮ್‌ನಂತೆ ಹಾಕುತ್ತಾ ಹೋಗಿ. ಪ್ರತಿ ಸಲವೂ ಸ್ಕ್ಯಾನ್ ಮಾಡಿ, ಪಟ್ಟಿ ಮೇಲೊಮ್ಮೆ ಕಣ್ಣಾಡಿಸಿ. ತಪ್ಪು ಕಂಡರೆ ಕಾರ್ಡ್‌ನಲ್ಲಿ ತಿದ್ದಬೇಡಿ. ಕಂಪ್ಯೂಟರ್‌ನಲ್ಲಿರುವ ಮೂಲದಲ್ಲಿ ತಿದ್ದಿ, ಮತ್ತೆ ನಕಲು ಮಾಡಿ. ಹಾಗೆ ಮಾಡಿದರೆ ಕಾರ್ಡ್ ಕೆಟ್ಟರೂ, ಕಳೆದರೂ ಹೊಸ ಕಾರ್ಡ್‌ಗೆ ಒಂದೇ ಸಲ ನಕಲು ಮಾಡಿಕೊಳ್ಳಬಹುದು. ಆ ಮೂಲ ಫೋಲ್ಡರ್‌ನ ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕ್‌ನಲ್ಲೂ ಇರಲಿ.